ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ

ಅಂಗಡಿಯಲ್ಲಿ ಹಳದಿಯಾಗಿ ಮಿರುಗುವ ಅಚ್ಚು ಬೆಲ್ಲ ಕಂಡರೆ ಕೈ ಅದರ ಕಡೆಗೇ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದ್ದರೆ ಕಂದು ಬಣ್ಣಕ್ಕೆ ತಿರುಗುವುದೇ ಸಹಜ. ಬೆಲ್ಲ ತಿಳಿ ಬಣ್ಣಕ್ಕೆ ಬರಲಿ ಎಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ, ಗಂಧಕದ ಅಂಶವಿರುವ ರಾಸಾಯನಿಕ ಪುಡಿ ಹಾಕುತ್ತಾರೆ. ನಮ್ಮ ಹಿರಿಯರು ಬೆಂಡೆ ಗಿಡದ ಕಾಂಡ ಜಜ್ಜಿ, ಅದರ ಲೋಳೆಯನ್ನು ಕುದಿಯುವ ಹಾಲಿಗೆ ಬಿಡುತ್ತಿದ್ದರು. ಜೊತೆಗೆ ಒಂದಿಷ್ಟು ಸುಣ್ಣದ ತಿಳಿ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಚೆಲ್ಲಿದರಾಯಿತು. ಈಗಲೂ ಹೀಗೆ ಮಾಡುವವರಿದ್ದಾರೆ, ಹುಡುಕಿ ಕೊಳ್ಳಿ.

ಹಾಗಂತ ಕಪ್ಪಗಿದ್ದದ್ದೆಲ್ಲ ಒಳ್ಳೆಯದೂ ಅಲ್ಲ. ಪಾಕ ತಳ ಹಿಡಿದರೂ ಕಪ್ಪಾಗುತ್ತದೆ, ಹಳೆಯದಾದರೂ ಕಪ್ಪಾಗುತ್ತದೆ. ಚೂರು ಮುರಿದು ಬಾಯಿಗೆ ಹಾಕಿಕೊಳ್ಳಿ. ಉಪ್ಪುಪ್ಪಾಗಿದ್ದರೆ, ಕೊನೆಯಲ್ಲಿ ಕಹಿ ಉಳಿದರೆ ಬೇಡ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ ಬಿಡಿ.

ನನ್ನ ಮಟ್ಟಿಗೆ ಜೋನಿ ಬೆಲ್ಲದ, ಅಂದರೆ ದ್ರವರೂಪದ ಬೆಲ್ಲದ ಮುಂದೆ ಬೇರೆ ಯಾವುದೂ ಇಲ್ಲ. ಸಾಗರ, ಸಿರ್ಸಿ, ಸಿದ್ದಾಪುರದ ಕಡೆ ಬೇಸಿಗೆಗೆ ಮುಂಚೆ ಆಲೆಮನೆ ಹೂಡುತ್ತಾರೆ. ಅಚ್ಚಿಗಾದರೆ ಪಾಕ ತಣ್ಣೀರಿಗೆ ಬಿಟ್ಟಾಗ ಗಟ್ಟಿ ಉಂಡೆಯಾಗಬೇಕು. ಜೋನಿಗೆ ಅದಕ್ಕಿಂತ ಮುಂಚೆಯೇ ಕೊಪ್ಪರಿಗೆ ಇಳಿಸುತ್ತಾರೆ. ಅದಕ್ಕೇ ಅದು ಜೇನಿನ ಹಾಗೆ ಹರಿಯುತ್ತದೆ. ಡಬ್ಬದ ತಳದಲ್ಲಿ ಹರಳು ಕೂತಿದ್ದರೆ ಕಲಬೆರಕೆ ಅಂತ ಗಾಬರಿಯಾಗಬೇಡಿ, ಅದು ಕಬ್ಬಿನದೇ ಸಕ್ಕರೆ. ಗಾಜಿನ ಬಾಟಲಿಗೋ ಭರಣಿಗೋ ಹಾಕಿಡಿ. ಒದ್ದೆ ಚಮಚ ಮಾತ್ರ ತಾಗಿಸಬೇಡಿ, ನೊರೆ ಎದ್ದು ಹುಳಿ ವಾಸನೆ ಬರುತ್ತದೆ. ತೆಳ್ಳಗಿದೆ ಅನ್ನಿಸಿದರೆ ತಂದ ದಿನವೇ ಒಮ್ಮೆ ಕುದಿಸಿ, ಪೂರ್ತಿ ಆರಿಸಿ ತುಂಬಿಡಿ. ಬಿಸಿ ದೋಸೆಗೆ ಜೋನಿ ಬೆಲ್ಲ, ಮೇಲೊಂದು ಚಮಚ ತುಪ್ಪ. ಚಟ್ನಿಯ ನೆನಪೇ ಬರುವುದಿಲ್ಲ.

ಉಂಡೆ, ಅಚ್ಚು ಬೆಲ್ಲ ಮಳೆಗಾಲದಲ್ಲಿ ನೀರು ಬಿಡುತ್ತದೆ. ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಅಡುಗೆಗೆ ಹಾಕುವಾಗ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಲೇಬೇಕು. ಮರಳು, ಕಬ್ಬಿನ ನಾರು ಇದ್ದೇ ಇರುತ್ತದೆ. ಪಾಯಸಕ್ಕೆ ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ. ಮುಂಚೆ ಹಾಕಿದರೆ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಹಸುವಿನ ಹಾಲು ಹಾಕುವುದಾದರೆ ಪಾಯಸವನ್ನು ಒಲೆಯಿಂದ ಇಳಿಸಿ, ಅದು ಆರಿದ ಮೇಲೆ, ಮೊದಲೇ ಕಾಯಿಸಿ ಆರಿಸಿಟ್ಟ ಹಾಲು ಬೆರೆಸಿ, ಇಲ್ಲದಿದ್ದರೆ ಒಡೆಯುತ್ತದೆ. ತೆಂಗಿನ ಹಾಲಾದರೆ ಇಷ್ಟು ಕಾಟವಿಲ್ಲ, ಬೆರೆಸಿದ ಮೇಲೆ ಜಾಸ್ತಿ ಕುದಿಸದಿದ್ದರೆ ಸಾಕು.