ಬಟ್ಟೆಯಲ್ಲಿ ಮನುಷ್ಯನ ಶಿಲ್ಪ: ಮುಖ ಆಮೇಲೆ, ನಿಲುವು ಮೊದಲು

ಬಟ್ಟೆಯಲ್ಲಿ ಮನುಷ್ಯನ ಆಕೃತಿ ಮಾಡಲು ಕೂತವರು ಮೊದಲು ಮುಖಕ್ಕೇ ಕೈ ಹಾಕುತ್ತಾರೆ. ಬೇಡ. ಪೋಲೆಂಡಿನ ಕಲಾವಿದೆ ಮಗ್ದಲೇನಾ ಅಬಕಾನೊವಿಚ್ 1976ರಿಂದ 1980ರವರೆಗೆ ಗೋಣಿಬಟ್ಟೆ ಮತ್ತು ರಾಳದಲ್ಲಿ 80 ಬೆನ್ನುಗಳನ್ನು ಮಾಡಿದರು. ಒಂದಕ್ಕೂ ತಲೆಯಿಲ್ಲ. ಆದರೂ ಬಾಗಿ ಕೂತ ಆ ಬೆನ್ನುಗಳು ಮನುಷ್ಯರವೇ ಅಂತ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಹಾಗಾಗಿ ತಂತಿಯಿಂದ ಶುರು ಮಾಡಿ. ಒಂದಡಿ ಎತ್ತರದ ಆಕೃತಿಗೆ 3 ಮಿ.ಮೀ. ಅಲ್ಯೂಮಿನಿಯಂ ತಂತಿ ಸಾಕು. ತಲೆ 4 ಸೆಂ.ಮೀ. ಇಟ್ಟರೆ ಇಡೀ ದೇಹ ಅದರ ಏಳೂವರೆಯಷ್ಟು, ಅಂದರೆ 30 ಸೆಂ.ಮೀ. ಕೈಕಾಲಿನ ತುದಿಯಲ್ಲಿ ತಂತಿಯನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಬಟ್ಟೆ ತೂತಾಗುತ್ತದೆ. ಈಗ ಆಕೃತಿಯನ್ನು ಎದ್ದು ನಿಲ್ಲುವಂತೆ ಬಗ್ಗಿಸಿ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರಿಗೆ ಆ ಕಡೆಯ ಸೊಂಟ ಮೇಲೇರಿರುತ್ತದೆ, ಅದೇ ಕಡೆಯ ಭುಜ ಇಳಿದಿರುತ್ತದೆ, ಕತ್ತಿನ ಗುಳಿ ಭಾರ ಹೊತ್ತ ಪಾದದ ನೇರಕ್ಕೆ ಬರುತ್ತದೆ. ಇಷ್ಟು ಸರಿಯಾದರೆ ಬರೀ ತಂತಿಯಲ್ಲೇ ಜೀವ ಕಾಣುತ್ತದೆ. ಆಗದೆ ಮುಂದೆ ಹೋಗಬೇಡಿ.

ಮೇಲೆ ಹಳೇ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತುತ್ತಾ ತೊಡೆ, ಮೀನಖಂಡ, ಭುಜ ತುಂಬಿಸಿ. ಚರ್ಮಕ್ಕೆ ಟೀ ಶರ್ಟ್ ಬಟ್ಟೆ ಒಳ್ಳೆಯದು, ಹಿಗ್ಗುತ್ತದೆ. ನೇಯ್ದ ಬಟ್ಟೆಯೇ ಬೇಕೆಂದರೆ ಕ್ರಾಸ್, ಅಂದರೆ ಎಳೆಗಳಿಗೆ ಓರೆಯಾಗಿ, ಕತ್ತರಿಸಿ.

ಮುಖಕ್ಕೆ ಮಾತ್ರ ಅವಸರ ಬೇಡ. ತಲೆಗೆ ಹತ್ತಿಯನ್ನು ಚೂರು ಚೂರೇ ತುಂಬಿ, ಬೆರಳಲ್ಲಿ ಒತ್ತಿದರೆ ತಗ್ಗಬಾರದು, ಅಷ್ಟು ಗಟ್ಟಿ. ಮೂಗಿನ ಜಾಗದಲ್ಲಿ ಬಟ್ಟೆಯನ್ನು ಚಿವುಟಿ ಹಿಡಿದು, ಆ ಮಡಿಕೆಯ ಬುಡದಲ್ಲಿ ಅತ್ತಿಂದಿತ್ತ ಸೂಜಿ ಓಡಿಸಿ. ಆಮೇಲೆ ಉದ್ದ ಸೂಜಿ, ಗಟ್ಟಿ ಪಾಲಿಯೆಸ್ಟರ್ ದಾರ. ಗಂಟು ತಲೆಯ ಹಿಂದಿರಲಿ, ಕೂದಲು ಮುಚ್ಚುತ್ತದೆ. ಹಿಂದಿನಿಂದ ಚುಚ್ಚಿ ಕಣ್ಣಿನ ಒಳಮೂಲೆಯಲ್ಲಿ ಹೊರತೆಗೆದು, ನಾಲ್ಕೈದು ಎಳೆ ಪಕ್ಕದಲ್ಲಿ ಮತ್ತೆ ಒಳಗೆ ಬಿಟ್ಟು, ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಗುಳಿ ಬೀಳುತ್ತದೆ, ಹುಬ್ಬು ತಾನೇ ಏಳುತ್ತದೆ. ಪ್ರತಿ ಸಲವೂ ಹಿಂದೆ ಒಂದು ಹೊಲಿಗೆ ಹಾಕಿ ಭದ್ರಪಡಿಸಿ. ಜಾಸ್ತಿ ಎಳೆದರೆ ಕಣ್ಣಿನ ಪಕ್ಕ ಸುಕ್ಕು ಬರುತ್ತದೆ. ವಯಸ್ಸಾದವರ ಮುಖವಾದರೆ ಸುಮ್ನೆ ಬಿಚ್ಚಬೇಡಿ, ಅದೇ ಚೆಂದ.

ಬಣ್ಣ ಹಚ್ಚುವ ಮುಂಚೆ ದೀಪವನ್ನು ಪಕ್ಕದಿಂದ ಹಿಡಿದು ನೋಡಿ. ನೆರಳು ಚೆನ್ನಾಗಿ ಬಿದ್ದ ಕಡೆ ಬಣ್ಣವೇ ಬೇಕಿಲ್ಲ.