ನಸುಕಿಗೆ ಬರುವ ಹಸಿವು

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಾನು ಆಹಾರ ತಜ್ಞೆ. ಕ್ಯಾನ್ಸರ್ ವಾರ್ಡಿನಲ್ಲಿ ಮೊದಮೊದಲು ಎಲ್ಲರಿಗೂ ಒಂದೇ ಚಾರ್ಟ್ ಕೊಡುತ್ತಿದ್ದೆ. ಹಾಲು ಇಷ್ಟು, ಬೇಳೆ ಇಷ್ಟು ಗ್ರಾಂ ಅಂತ. ಆಳಂದ ಕಡೆಯ ಒಬ್ಬ ಹೆಣ್ಣುಮಗಳು ತಿಂಗಳಾದ ಮೇಲೆ ಆ ಚಾರ್ಟನ್ನು ಮಡಚಿದ ಹಾಗೇ ವಾಪಸ್ ತಂದರು. "ಎಲ್ಲಾ ಮಾಡೀನ್ರಿ ಮೇಡಂ. ನಮ್ ಮನಿಯವ್ರು ಬಾಯಿಗೇ ಹಚ್ಚಲೊಲ್ರು." ಗಂಡನ ತೂಕ 52ರಿಂದ 48 ಕೆಜಿಗೆ ಇಳಿದಿತ್ತು.

ಅವತ್ತು ಚಾರ್ಟ್ ಪಕ್ಕಕ್ಕಿಟ್ಟು ಒಂದೊಂದೇ ಕೇಳುತ್ತಾ ಹೋದೆ. ಕೀಮೋ ಆದಾಗಿನಿಂದ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಒಗ್ಗರಣೆ ವಾಸನೆ ಬಂದರೆ ವಾಕರಿಕೆ. ನಾಲಿಗೆ ತುಂಬ ಹುಣ್ಣು, ರೊಟ್ಟಿ ನುಂಗಲು ಆಗಲ್ಲ. "ಹಸಿವು ಯಾವಾಗಾದ್ರೂ ಆಗ್ತದೇನ್ರಿ?" ಅಂದೆ. ಅಲ್ಲಿವರೆಗೂ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಗಂಡ, "ನಸುಕಿನ್ಯಾಗ ಸ್ವಲ್ಪ ಆಗ್ತದ್ರಿ" ಅಂದರು. ಆ ಹೊತ್ತಿಗೆ ಅವರಿಗೆ ಸಿಗುತ್ತಿದ್ದದ್ದು ಬರೀ ಚಹಾ.

ಅಲ್ಲಿಂದಲೇ ಶುರು ಮಾಡಿದೆವು. ದಿನದ ದೊಡ್ಡ ಊಟ ನಸುಕಿಗೇ. ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಆರಿಸಿ, ಕಾಯಿಸಿದ ಹಾಲು ಬೆರೆಸಿ, ಹುರಿದ ಶೇಂಗಾದ ನುಣ್ಣನೆ ಪುಡಿ ಎರಡು ಚಮಚ. ಆಮೇಲೆ ಎರಡೆರಡು ತಾಸಿಗೆ ಒಂದು ಸಣ್ಣ ಬಟ್ಟಲು. ತುಪ್ಪ ಹಾಕಿದ ಗಟ್ಟಿ ತೊಗರಿ ಬೇಳೆ, ಇಲ್ಲಾ ಮೊಸರನ್ನ, ಇಲ್ಲಾ ಚೆನ್ನಾಗಿ ಬೇಯಿಸಿ ಕಿವುಚಿದ ಮೊಟ್ಟೆ. ಖಾರ, ಹುಳಿ ಬಂದ್. ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ ಚಮಚ. ಉಣ್ಣುವ ಮುಂಚೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸುವುದು. ಅಡುಗೆ ಹೊತ್ತಿಗೆ ಅವರು ಹೊರಗೆ ಕಟ್ಟೆ ಮೇಲೆ. ವಾಂತಿ ಮಾತ್ರೆಯ ಹೊತ್ತನ್ನು ಡಾಕ್ಟರ್ ಊಟಕ್ಕೆ ಹೊಂದಿಸಿ ಕೊಟ್ಟರು.

ಈ ಚಿಕಿತ್ಸೆಯಲ್ಲಿ ತೂಕದ ಒಂದು ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅವರಿಗೆ ಕಡಿಮೆ ಅಂದರೂ 58 ಗ್ರಾಂ. ಈ ಲೆಕ್ಕ ನನ್ನ ತಲೆಯಲ್ಲಿದ್ದರೆ ಸಾಕು, ಅಲ್ವಾ? ಆಕೆಗೆ ನಾನು ಹೇಳಿದ್ದು ಬಟ್ಟಲಿನ ಲೆಕ್ಕ.

ಮನೆಯವರ ಪಥ್ಯ ಬಿಡಿಸುವುದೇ ಜಾಸ್ತಿ ಕಷ್ಟವಾಯಿತು. "ಬೆಲ್ಲ, ಹಾಲು ಕೊಟ್ರ ಗಡ್ಡಿ ಬೆಳೀತದ" ಅಂತ ಅಣ್ಣತಮ್ಮಂದಿರು ಅವೆರಡನ್ನೂ ನಿಲ್ಲಿಸಿದ್ದರು. ಹಾಗೆ ಉಪವಾಸ ಕೆಡವಿದರೆ ಗಡ್ಡೆ ಕರಗಲ್ಲ, ಮೈಯ ಮಾಂಸ ಕರಗುತ್ತದೆ. ಅವರನ್ನೂ ಕರೆಸಿ ಕೂರಿಸಿ ಇದನ್ನೇ ಹೇಳಿದೆ. "ಉಣ್ಣು, ಉಣ್ಣು" ಅಂತ ಬೆನ್ನು ಹತ್ತಬೇಡಿ, ಬಟ್ಟಲು ಕೈಗೆ ಸಿಗುವ ಹಾಗಿಟ್ಟು ಜೊತೆಗೆ ಕೂತು ಮಾತಾಡಿ ಅಂದೆ.

ಮೂರು ವಾರ ಬಿಟ್ಟು ಬಂದಾಗ ತೂಕ 48ರಲ್ಲೇ ನಿಂತಿತ್ತು. ಏರಿರಲಿಲ್ಲ, ಇಳಿದೂ ಇರಲಿಲ್ಲ. ಮುಂದಿನ ಕೀಮೋ ಹೇಳಿದ ದಿನವೇ ಆಯಿತು.