ಕೊಲೆಡೊಕೊಜೆಜುನಾಸ್ಟಮಿ: ಬಾಲದಿಂದ ಓದಿ ಕಲಿತದ್ದು

ನಾನು ಓಟಿ, ಅಂದರೆ ಆಪರೇಷನ್ ಥಿಯೇಟರ್, ಸ್ಟಾಫ್ ನರ್ಸ್. ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮಲ್ಲಿ ಉದ್ದದ ಹೆಸರುಗಳನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಪಿತ್ತಕೋಶ ತೆಗೆಯುವುದು 'ಲ್ಯಾಪ್ ಕೋಲೆ', ಅಷ್ಟೆ. ಆದರೆ ಚರ್ಮಕ್ಕೆ ಬ್ಲೇಡ್ ತಾಗಿಸುವ ಮುಂಚೆ 'ಟೈಮ್ ಔಟ್' ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಚೆಕ್‌ಲಿಸ್ಟಿನ ಭಾಗ ಅದು. ರೋಗಿ ಯಾರು, ಯಾವ ಆಪರೇಷನ್, ಯಾವ ಜಾಗ ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು. ನಮ್ಮ ಓಟಿಯಲ್ಲಿ ಹೇಳುವವರು ನರ್ಸುಗಳೇ. ಅಲ್ಲಿ ಗೊಣಗಿದರೆ ನಡೆಯಲ್ಲ.

ಕೊಲೆಡೊಕೊಜೆಜುನಾಸ್ಟಮಿ ಅನ್ನುವ ಆಪರೇಷನ್ನಿನ ಹೆಸರನ್ನು ನಾನು ಮೊದಲು ಅರ್ಥ ಬದಲಾಗುವ ಕಡೆ ಮುರಿದೆ. ಕೊಲೆಡೊಕೊ ಅಂದರೆ ಪಿತ್ತನಾಳ. ಜೆಜುನಮ್ ಸಣ್ಣಕರುಳಿನ ನಡುಭಾಗ. ಸ್ಟಮಿ ಅಂದರೆ ಹೊಸ ದಾರಿ ತೆರೆಯುವುದು. ನಾಳವನ್ನು ಕರುಳಿಗೆ ಸೇರಿಸಿ ಹೊಲಿಯುತ್ತಾರೆ, ಪಿತ್ತ ಆ ದಾರಿಯಲ್ಲೇ ಇಳಿಯುತ್ತದೆ. ಇಂಗ್ಲಿಷ್ ಸ್ಪೆಲಿಂಗಿನಲ್ಲಿರುವ ಎರಡೂ ಸಿ-ಎಚ್‌ಗಳಿಗೆ ಇಲ್ಲಿ 'ಕ' ಎಂದೇ ಉಚ್ಚಾರ. ಕನ್ನಡದಲ್ಲಿ ಬರೆದುಕೊಂಡೆ, ಆ ತಲೆನೋವು ಮುಗಿಯಿತು: ಕೊ-ಲೆ-ಡೊ-ಕೊ-ಜೆ-ಜು-ನಾ-ಸ್ಟ-ಮಿ. ಬರೀ ಒಂಬತ್ತು ಅಕ್ಷರ.

ಬಾಯಿಪಾಠ ಮಾಡಿದ್ದು ಮಾತ್ರ ಬಾಲದಿಂದ. ನಾಸ್ಟಮಿ. ಜುನಾಸ್ಟಮಿ. ಜೆಜುನಾಸ್ಟಮಿ. ಕೊಜೆಜುನಾಸ್ಟಮಿ. ಮುಂದಿನಿಂದ ಹೊರಟರೆ 'ಡೊಕೊ' ದಾಟುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ಹಿಂದಿನಿಂದ ಕಟ್ಟಿಕೊಂಡು ಬಂದರೆ ಕಷ್ಟದ್ದು ಮುಗಿದ ಮೇಲೆ ಉಳಿಯುವುದೆಲ್ಲ ಪಳಗಿದ ಭಾಗವೇ.

ಇನ್ನು ಒತ್ತು. 'ಟಮಿ' ಎಂದು ಮುಗಿಯುವ ಹೆಸರುಗಳಲ್ಲಿ ಒತ್ತು ಬೀಳುವುದು ಕೊನೆಯಿಂದ ಮೂರನೇ ಅಕ್ಷರಕ್ಕೆ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ನೆನಪಿದೆ ಅಲ್ವಾ? ಇಲ್ಲಿ ಆ ಜಾಗದಲ್ಲಿ ಗುರುವೇ ಇರುತ್ತದೆ. ಲ್ಯಾಪರಾಟಮಿಯ 'ರಾ' ದೀರ್ಘ. ಅಪೆಂಡಿಸೆಕ್ಟಮಿಯ 'ಸೆ' ಹ್ರಸ್ವವಾದರೂ ಮುಂದೆ ಒತ್ತಕ್ಷರ ಇದೆ, ಹಾಗಾಗಿ ಗುರು. ನಮ್ಮ ಹೆಸರಿನಲ್ಲಿ 'ನಾ'. ಅದನ್ನು ಎತ್ತಿ ಹೇಳಿ, ಉಳಿದದ್ದು ತಾನಾಗೇ ಹರಿಯುತ್ತದೆ. 'ಲೆ' ಮೇಲೆ ಸಣ್ಣ ಒತ್ತು ಕೊಟ್ಟರೆ ಇನ್ನೂ ಚೆನ್ನ.

ಬಾಲವನ್ನು ಸ್ಪಷ್ಟವಾಗಿ ಹೇಳಲೇಬೇಕು, ಯಾಕೆಂದರೆ ಅಲ್ಲೇ ಆಪರೇಷನ್ ಬದಲಾಗುತ್ತದೆ. ಕೋಲೆಸಿಸ್ಟೆಕ್ಟಮಿ ಅಂದರೆ ಪಿತ್ತಕೋಶವನ್ನೇ ತೆಗೆಯುವುದು. ಕೋಲೆಸಿಸ್ಟಾಸ್ಟಮಿ ಅಂದರೆ ಅದನ್ನು ಉಳಿಸಿ, ಟ್ಯೂಬ್ ಇಟ್ಟು ಒಳಗಿನದ್ದನ್ನು ಹೊರಗೆ ಬಿಡುವುದು. ಅರ್ಧ ನುಂಗಿ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ.

ರೋಗಿಯ ಮನೆಯವರ ಮುಂದೆ ಮಾತ್ರ ನಾನು ಈ ಹೆಸರು ಎತ್ತುವುದಿಲ್ಲ. 'ಕೊಲೆ' ಎಂದು ಶುರುವಾಗುವ ಆಪರೇಷನ್ನಿಗೆ ಯಾರು ತಾನೇ ಸಹಿ ಹಾಕುತ್ತಾರೆ! ಪಿತ್ತನಾಳವನ್ನು ಕರುಳಿಗೆ ಜೋಡಿಸುತ್ತಾರೆ ಅಂತ ಹೇಳುತ್ತೇನೆ.